ಆಕ್ಷೇಪಣೆ: ಮನವಿಯೂ ಅಲ್ಲ, ದೂರೂ ಅಲ್ಲ

ದೆಹಲಿಯಿಂದ ಕೀಟನಾಶಕಗಳ ಕರಡು ಅಧಿಸೂಚನೆ ಬಂದರೆ ಸಾಕು, ಸಕಲೇಶಪುರ, ಮೂಡಿಗೆರೆ ಕಡೆಯ ಬೆಳೆಗಾರರ ವಾಟ್ಸಾಪ್ ಗುಂಪುಗಳಲ್ಲಿ ‘ಔಷಧಿ ಬ್ಯಾನ್ ಆಯ್ತು’ ಎಂದು ಹರಿದಾಡುತ್ತದೆ. ಬೆನ್ನಿಗೇ ‘ಡಿಸಿಗೆ ಆಕ್ಷೇಪಣೆ ಸಲ್ಲಿಸಿದೆವು’ ಎಂಬ ಫೋಟೊ. ಎರಡೂ ತಪ್ಪು. ಕರಡು ಎಂದರೆ ‘ಇಂತಿಷ್ಟು ದಿನದೊಳಗೆ ಆಕ್ಷೇಪಣೆ, ಸಲಹೆ ಬರೆದು ಕಳಿಸಿ’ ಎಂಬ ಪ್ರಸ್ತಾವ; ಅದು ಹೊರಟ ಮಾತ್ರಕ್ಕೆ ನಿಷೇಧವಾಗುವುದಿಲ್ಲ. ಡಿಸಿ ಕೈಗಿತ್ತದ್ದು ಬರೀ ಮನವಿ: ‘ಸೂಕ್ತ ಕ್ರಮಕ್ಕಾಗಿ’ ಎಂಬ ಷರಾ ಹೊತ್ತು ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಆಕ್ಷೇಪಣೆಗೆ ಕಾನೂನಿನ ಬಲವಿದೆ. 1968ರ ಕೀಟನಾಶಕ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ನಿಯಮ ಮಾಡುವ ಮುನ್ನ ಕರಡು ಪ್ರಕಟಿಸಬೇಕು. ಹಾಗೆ ಪ್ರಕಟಿಸಿದ ಮೇಲೆ, 1897ರ ಜನರಲ್ ಕ್ಲಾಸಸ್ ಆಕ್ಟಿನ (ಕೇಂದ್ರದ ಕಾಯ್ದೆಗಳಿಗೆಲ್ಲ ಅನ್ವಯಿಸುವ ಸಾಮಾನ್ಯ ಕಾಯ್ದೆ) 23ನೇ ಸೆಕ್ಷನ್ನಿನಂತೆ, ಗಡುವಿನೊಳಗೆ ಬಂದ ಆಕ್ಷೇಪಣೆ, ಸಲಹೆಗಳನ್ನು ಪರಿಗಣಿಸಲೇಬೇಕು. ನಿಷೇಧದ ಆದೇಶ ಹೊರಡುವುದು ಬೇರೆ ಸೆಕ್ಷನ್ನಿನಡಿ; ಆದರೆ ಬಂದ ಆಕ್ಷೇಪಣೆ ಪರಿಗಣಿಸುತ್ತೇವೆ ಎಂದು ಅದರ ಕರಡಿನಲ್ಲೇ ಇರುತ್ತದೆ. ಪರಿಗಣಿಸುವುದೆಂದರೆ ಒಪ್ಪುವುದು ಅಂತಲ್ಲ. ಅದನ್ನೂ ಎಷ್ಟು ಸಲ ಹೇಳುವುದೋ.

ಪದದ ಮೂಲ ‘ಕ್ಷಿಪ್’, ಅಂದರೆ ಎಸೆ. ಕ್ಷಿಪಣಿಯೂ ಅದೇ ಧಾತುವಿನದು. ಅದಕ್ಕೇ ಇರಬೇಕು, ಆಕ್ಷೇಪಣೆ ಎಂದೊಡನೆ ನಮ್ಮವರಿಗೆ ಜಗಳ ನೆನಪಾಗುವುದು. ಆದರೆ ಗೆಜೆಟ್ ಕೇಳುವುದು ‘ಆಕ್ಷೇಪಣೆ ಅಥವಾ ಸಲಹೆ’. ನಿಷೇಧ ಸರಿ, ಇನ್ನೂ ಬಿಗಿಯಾಗಲಿ ಎಂದು ಬರೆಯುವವರಿಗೂ ಅಷ್ಟೇ ಜಾಗವಿದೆ. ಔಷಧಿ ಹೊಡೆಯುವ ಕೂಲಿಯವರು ಬರೆಯಬಹುದು, ಜೇನು ಸಾಕುವವರೂ ಬರೆಯಬಹುದು.

2020ರ ಮೇ ತಿಂಗಳ ಕರಡನ್ನೇ ನೋಡಿ. ಪಟ್ಟಿಯಲ್ಲಿ 27 ಕೀಟನಾಶಕಗಳಿದ್ದವು. ಕಾಫಿಯ ಬಿಳಿ ಕಾಂಡಕೊರಕ ಹುಳುವಿಗೆ ಹೊಡೆಯುವ ಕ್ಲೋರ್‌ಪೈರಿಫಾಸ್, ಹಾಸನದ ಆಲೂಗಡ್ಡೆಯವರು ಅಂಗಮಾರಿ ರೋಗಕ್ಕೆ ನೆಚ್ಚುವ ಮ್ಯಾಂಕೋಜೆಬ್ ಎರಡೂ ಅದರಲ್ಲಿದ್ದವು. ಮೊದಲು 45 ದಿನ ಕೊಟ್ಟು, ಆಮೇಲೆ 90ಕ್ಕೆ ಏರಿಸಿದರು. 2023ರ ಸೆಪ್ಟೆಂಬರಿನ ಅಂತಿಮ ಆದೇಶದಲ್ಲಿ ಪೂರ್ತಿ ನಿಷೇಧವಾದವು ಡೈಕೋಫಾಲ್, ಡೈನೋಕ್ಯಾಪ್, ಮೆಥೊಮಿಲ್. ಈ ನಮ್ಮ ಎರಡಕ್ಕೆ ಬಿದ್ದದ್ದು ಕೆಲವು ಬೆಳೆಗಳ ಮಟ್ಟಿಗಿನ ಕತ್ತರಿ ಅಷ್ಟೇ.

ದಿನ ಎಣಿಸುವಲ್ಲೂ ಎಡವುತ್ತಾರೆ. ಪತ್ರಿಕೆಯಲ್ಲಿ ಸುದ್ದಿ ಬಂದ ದಿನ ಲೆಕ್ಕಕ್ಕಿಲ್ಲ. ಗೆಜೆಟ್ ಪ್ರತಿ ಸಾರ್ವಜನಿಕರಿಗೆ ಲಭ್ಯವಾದ ದಿನದಿಂದ ಎಂದೇ ಸಾಮಾನ್ಯವಾಗಿ ಕರಡಿನಲ್ಲಿ ಇರುತ್ತದೆ. ಕಳಿಸಬೇಕಾದ್ದು ಅದರಲ್ಲೇ ಮುದ್ರಿಸಿರುವ ಅಂಚೆ ವಿಳಾಸಕ್ಕೆ ಅಥವಾ ಇಮೇಲ್‌ಗೆ. ರೈತ ಸಂಪರ್ಕ ಕೇಂದ್ರಕ್ಕಲ್ಲ.

ಒಳಗೇನಿರಬೇಕು? ಅಧಿಸೂಚನೆಯ ಸಂಖ್ಯೆ, ದಿನಾಂಕ, ಪಟ್ಟಿಯ ಯಾವ ಕ್ರಮಸಂಖ್ಯೆಯ ಮೇಲೆ ಮಾತು ಎಂಬುದು. ಆಮೇಲೆ ಬೆಳೆ, ರೋಗ, ಪ್ರಮಾಣ. ‘ಕ್ಲೋರ್‌ಪೈರಿಫಾಸ್ ಬೇಕೇ ಬೇಕು’ ಎಂದರೆ ಯಾರಿಗೂ ಏನೂ ತಿಳಿಯದು. 20 ಇಸಿ (ಶೇ 20ರ ದ್ರವರೂಪ), 200 ಲೀಟರ್ ನೀರಿಗೆ 600 ಮಿಲಿ, ಮುಖ್ಯ ಕಾಂಡಕ್ಕೂ ದಪ್ಪ ರೆಕ್ಕೆಗಳಿಗೂ (ಅಡ್ಡಕೊಂಬೆಗಳಿಗೂ) ಮಾತ್ರ, ಕಾಂಡಕೊರಕದ ದುಂಬಿ ಹಾರುವ ಕಾಲದಲ್ಲಿ ಎಂದು ಬರೆದರೆ ಅದು ಮಾಹಿತಿ. ಬದಲಿ ಔಷಧಿಯ ಖರ್ಚು, ಕೊನೆಯ ಸಿಂಪಡಣೆಗೂ ಕೊಯ್ಲಿಗೂ ನಡುವಿನ ಅಂತರ, ಹೊಡೆಯುವವರಿಗೆ ಕೈಗವಸು, ಮಾಸ್ಕ್ ನಿಜಕ್ಕೂ ಸಿಗುತ್ತಿದೆಯೇ ಎಂಬುದನ್ನೂ ಸೇರಿಸಿ. ಒಂದೇ ಜೆರಾಕ್ಸಿಗೆ ಐನೂರು ಸಹಿ ಹಾಕಿಸಿದರೂ ಅಲ್ಲಿರುವುದು ಒಂದೇ ವಾದ.

ಇನ್ನು ಕಾರ್ಖಾನೆ ಬರುವಾಗಿನ ಪರಿಸರ ಸಾರ್ವಜನಿಕ ಸಭೆ ಬೇರೆಯದೇ ವ್ಯವಹಾರ. 2006ರ ಪರಿಸರ ಪರಿಣಾಮ ಅಧ್ಯಯನದ (ಇಐಎ) ಅಧಿಸೂಚನೆಯ ಪ್ರಕಾರ 30 ದಿನಗಳ ನೋಟಿಸ್ ಕೊಟ್ಟು ಅದನ್ನು ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಡಿಸಿ ಅಧ್ಯಕ್ಷತೆ ವಹಿಸುವುದು, ಬಾಯಲ್ಲಿ ಹೇಳಿದ ಮಾತು ದಾಖಲಾಗುವುದು ಅಲ್ಲಿ. ಕೊನೆಗೆ ನಡಾವಳಿಯ ಸಾರಾಂಶವನ್ನು ಕನ್ನಡದಲ್ಲಿ ಓದಿ ಹೇಳಬೇಕು. ಹಾಜರಿ ಬರೆದು ಊಟಕ್ಕೆ ಎದ್ದು ಹೋದವರಿಗೆ ತಮ್ಮ ಮಾತು ಬಿಟ್ಟುಹೋದದ್ದು ಗೊತ್ತಾಗುವುದೇ ಇಲ್ಲ.