ಓದುಗರ ಪ್ರಶ್ನೆ: ಮರ್ಕಲ್ ನಿಜಕ್ಕೂ ಗೆದ್ದ ಆಟವನ್ನು ಕೆಡಿಸಿದನೇ?

"1908ರಲ್ಲಿ ಫ್ರೆಡ್ ಮರ್ಕಲ್ ಎಂಬ ಬೇಸ್‌ಬಾಲ್ ಆಟಗಾರ ಎರಡನೇ ಬೇಸ್ ಮುಟ್ಟುವುದನ್ನು ಮರೆತು, ನ್ಯೂಯಾರ್ಕ್ ಜಯಂಟ್ಸ್ ತಂಡದ ಕೈಗೆ ಬಂದಿದ್ದ ಪ್ರಶಸ್ತಿಯನ್ನು ಕಳೆದನಂತೆ. ಹೌದೇ?"

ಈ ಪ್ರಶ್ನೆಗೆ ಎಷ್ಟನೆಯ ಸಲ ಉತ್ತರಿಸುತ್ತಿದ್ದೇನೋ, ಲೆಕ್ಕ ಇಡುವುದನ್ನು ಬಿಟ್ಟಿದ್ದೇನೆ. ಮುಟ್ಟಲಿಲ್ಲ, ನಿಜ. ಆದರೆ ಉಳಿದ ಕಥೆಯಲ್ಲಿ ಒಗ್ಗರಣೆಯೇ ಹೆಚ್ಚು.

ಸೆಪ್ಟೆಂಬರ್ 23, ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್. ಎದುರಾಳಿ ಶಿಕಾಗೋ ಕಬ್ಸ್. ಕೊನೆಯ, ಅಂದರೆ ಒಂಬತ್ತನೇ ಇನ್ನಿಂಗ್ಸ್, ಸ್ಕೋರು 1-1, ಇಬ್ಬರು ಔಟ್. ಮೂರನೇ ಬೇಸ್‌ನಲ್ಲಿ ಜಯಂಟ್ಸ್‌ನ ಮ್ಯಾಕ್‌ಕಾರ್ಮಿಕ್, ಮೊದಲನೆಯದರಲ್ಲಿ ಮರ್ಕಲ್. ಅದೇ ತಂಡದ ಬ್ರಿಡ್‌ವೆಲ್ ಹೊಡೆದ ಚೆಂಡು ಮೈದಾನದ ನಡುಭಾಗಕ್ಕೆ ಹೋಯಿತು, ಮ್ಯಾಕ್‌ಕಾರ್ಮಿಕ್ ಮನೆ (ಹೋಮ್ ಬೇಸ್) ಮುಟ್ಟಿದ, ಗೆಲುವಿನ ರನ್ ಬಂತು. ಜನ ಮೈದಾನಕ್ಕೆ ನುಗ್ಗಿದರು. ಅರ್ಧ ದಾರಿಗೆ ಬಂದಿದ್ದ ಮರ್ಕಲ್ ತಿರುಗಿ, ಆಚೆ ತುದಿಯ ಕ್ಲಬ್‌ಹೌಸ್ ಕಡೆಗೆ ಓಡಿದ.

ನಿಯಮ ಇಷ್ಟೇ: ಹೊಡೆದವನಿಗೆ ಮೊದಲ ಬೇಸ್ ಬೇಕು, ಹಾಗಾಗಿ ಅಲ್ಲಿದ್ದವನು ಎರಡನೆಯದಕ್ಕೆ ಹೋಗಲೇಬೇಕು. ಅವನಿಗಿಂತ ಮುಂಚೆ ಎದುರಾಳಿಯೊಬ್ಬ ಚೆಂಡು ಹಿಡಿದು ಆ ಬೇಸ್ ತುಳಿದರೆ ಅವನು ಔಟ್. ಮೂರು ಔಟ್ ಆದರೆ ಇನ್ನಿಂಗ್ಸ್ ಮುಗಿಯಿತು; ಇದು ಮೂರನೇ ಔಟ್ ಆದರೆ ಮನೆ ಮುಟ್ಟಿದ ರನ್ನಿಗೂ ಬೆಲೆಯಿಲ್ಲ. ಕಬ್ಸ್‌ನ ಜಾನಿ ಈವರ್ಸ್ ಮಾಡಿದ್ದು ಅದನ್ನೇ, ಅಂಪೈರ್ ಹ್ಯಾಂಕ್ ಓಡೇ ಮರ್ಕಲ್‌ಗೆ ಔಟ್ ಕೊಟ್ಟ. ಈವರ್ಸ್ ಕೈಯಲ್ಲಿದ್ದದ್ದು ಬ್ರಿಡ್‌ವೆಲ್ ಹೊಡೆದ ಚೆಂಡೇ ಅಥವಾ ಬೇರೆ ಯಾವುದೋ ಎಂಬ ಜಗಳ ಇಂದಿಗೂ ಬಗೆಹರಿದಿಲ್ಲ.

ಈಗ "ಮೊದ್ದು ಮರ್ಕಲ್" ಎಂಬ ಕಟ್ಟುಕಥೆಗೆ ಬರೋಣ. ಗೆಲುವಿನ ರನ್ ಬಂದೊಡನೆ ಜನರ ಕೈಗೆ ಸಿಗುವ ಮುಂಚೆ ಓಡಿಹೋಗುವುದು ಆ ಕಾಲದ ಆಟಗಾರರ ವಾಡಿಕೆ. ಅದಕ್ಕೆ ಯಾರೂ ಔಟ್ ಕೊಡುತ್ತಿರಲಿಲ್ಲ. ಬರೀ 19 ದಿನಗಳ ಹಿಂದೆ, ಸೆಪ್ಟೆಂಬರ್ 4ರಂದು, ಪಿಟ್ಸ್‌ಬರ್ಗಿನ ವಾರನ್ ಗಿಲ್ ಹೀಗೆಯೇ ಮಾಡಿದ್ದ. ಆಗಲೂ ದೂರಿದ್ದು ಇದೇ ಈವರ್ಸ್, ತೀರ್ಪು ಕೊಟ್ಟದ್ದು ಇದೇ ಅಂಪೈರ್ ಹ್ಯಾಂಕ್ ಓಡೇ. ಆಗ ರನ್ ಉಳಿಯಿತು, ಗಿಲ್‌ನ ಹೆಸರು ಮರೆತೂ ಹೋಯಿತು. ಎರಡನೇ ಸಲ ಓಡೇ ಕಣ್ಣಿಟ್ಟು ಕಾದಿದ್ದ, ಸಿಕ್ಕಿಬಿದ್ದದ್ದು 19 ವರ್ಷದ ಹುಡುಗ. ಅದೂ ಫ್ರೆಡ್ ಟೆನ್ನಿಗೆ ಸೊಂಟನೋವು ಬಂದದ್ದರಿಂದ ಅಂದು ಅವನ ಜಾಗದಲ್ಲಿ ಆಡಿದವನು!

ಪ್ರಶಸ್ತಿ ಕಳೆದದ್ದೂ ಅವನೊಬ್ಬನೇ ಅಲ್ಲ. ಪಂದ್ಯ ಸಮವೆಂದು ತೀರ್ಪಾಯಿತು, ಸೋಲೆಂದಲ್ಲ. ಆಮೇಲೆ ಫಿಲಡೆಲ್ಫಿಯಾದ ಪಿಚರ್ (ಚೆಂಡೆಸೆಯುವವ) ಹ್ಯಾರಿ ಕೊವೆಲೆಸ್ಕಿ ಒಬ್ಬನೇ ಐದು ದಿನಗಳಲ್ಲಿ ಮೂರು ಸಲ ಜಯಂಟ್ಸ್ ತಂಡವನ್ನು ಮಣಿಸಿದ. ಮರ್ಕಲ್ ಆ ಚೆಂಡುಗಳನ್ನು ಎಸೆಯಲಿಲ್ಲವಲ್ಲ! ಅಕ್ಟೋಬರ್ 8ರಂದು ಪಂದ್ಯ ಮತ್ತೆ ನಡೆದಾಗ ಎಸೆದದ್ದು ಮಹಾನ್ ಪಿಚರ್ ಕ್ರಿಸ್ಟಿ ಮ್ಯಾಥ್ಯೂಸನ್, ಆದರೂ ಜಯಂಟ್ಸ್ 4-2ರಿಂದ ಸೋತಿತು. ಕಬ್ಸ್ 99 ಗೆಲುವು, ಜಯಂಟ್ಸ್ 98. ಒಂದೇ ಪಂದ್ಯದ ಅಂತರವಿದ್ದಾಗ ಸೋತ 56 ಪಂದ್ಯಗಳಲ್ಲಿ ಯಾವುದನ್ನು ಬೇಕಾದರೂ ಬೈಯಬಹುದು. ತಂಡದ ಮ್ಯಾನೇಜರ್ ಮ್ಯಾಕ್‌ಗ್ರಾ ಅವನನ್ನು ಕೈಬಿಡಲಿಲ್ಲ, ಮರ್ಕಲ್ 1926ರವರೆಗೂ ಆಡಿದ. ಬೈದವರು ಪತ್ರಿಕೆಗಳವರು.

ಜನರನ್ನು ಹೊರಗೆ ಕಳಿಸಿ ಅಂದೇ ಹತ್ತನೇ ಇನ್ನಿಂಗ್ಸ್ ಆಡಿಸಬಾರದಿತ್ತೇ ಎಂದು ಯಾರೂ ಕೇಳುವುದಿಲ್ಲ, ಆದರೂ ಹೇಳಿಬಿಡುತ್ತೇನೆ. ಕತ್ತಲಾಗುತ್ತಿತ್ತು. ಈ ಮಟ್ಟದ ಬೇಸ್‌ಬಾಲ್ ದೀಪದ ಬೆಳಕಿನಲ್ಲಿ ಮೊದಲು ನಡೆದದ್ದು 1935ರಲ್ಲಿ, ಸಿನ್ಸಿನಾಟಿಯಲ್ಲಿ. ಮಧ್ಯಾಹ್ನ ಶುರುವಾದ ಆಟ ಸಂಜೆಯೊಳಗೆ ಮುಗಿಯಲೇಬೇಕಿತ್ತು, ಮುಗಿಯುತ್ತಲೂ ಇತ್ತು. ಅದೇ ಅಕ್ಟೋಬರಿನಲ್ಲಿ ಕಬ್ಸ್ ಡೆಟ್ರಾಯಿಟ್‌ನಲ್ಲಿ ವರ್ಲ್ಡ್ ಸೀರೀಸ್ ಗೆದ್ದ ಕೊನೆಯ ಪಂದ್ಯ ಮುಗಿದದ್ದು ಒಂದು ಗಂಟೆ 25 ನಿಮಿಷದಲ್ಲಿ.