ತೈಲ ನಿಂತರೆ ಬಾಸ್ಮತಿ ಏಕೆ ನಿಲ್ಲುತ್ತದೆ?

ಆರ್ಥಿಕ ನಿರ್ಬಂಧವೆಂದರೆ ನಡುಸಮುದ್ರದಲ್ಲಿ ಯುದ್ಧನೌಕೆ ನಿಲ್ಲಿಸಿ ಸರಕು ತಡೆಯುವುದು ಎಂದುಕೊಂಡವರೇ ಹೆಚ್ಚು. ‘ಡಾಲರ್ ಬೇಡವೆಂದರೆ ರೂಪಾಯಿ ಕೊಟ್ಟರಾಯಿತು’ ಎನ್ನುವವರೂ ಕಡಿಮೆಯೇನಿಲ್ಲ. ಭಾರತ-ಇರಾನ್ ವ್ಯಾಪಾರದ ಕಡತ ಬಿಚ್ಚಿದರೆ ಎರಡೂ ಮಾತು ನಿಲ್ಲುವುದಿಲ್ಲ.

ಇರಾನಿನ ತೈಲ ಕೊಳ್ಳಬಾರದೆಂದು ಭಾರತ ಕಾನೂನನ್ನೇನೂ ಮಾಡಿರಲಿಲ್ಲ. ಅಮೆರಿಕ ಹೆದರಿಸಿದ್ದು ಬ್ಯಾಂಕುಗಳನ್ನು: ಇರಾನ್ ಜೊತೆ ವ್ಯವಹರಿಸಿದರೆ ನ್ಯೂಯಾರ್ಕಿನಲ್ಲಿರುವ ನಿಮ್ಮ ಖಾತೆ ಹೋದೀತು! ಡಾಲರ್ ಪಾವತಿಗಳು ಬಹುಪಾಲು ಚುಕ್ತಾ ಆಗುವುದು ಅಲ್ಲಿಯೇ. 2010ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಏಷ್ಯನ್ ಕ್ಲಿಯರಿಂಗ್ ಯೂನಿಯನ್ (ಏಷ್ಯಾದ ಕೆಲವು ದೇಶಗಳ ಕೇಂದ್ರ ಬ್ಯಾಂಕುಗಳು ಪರಸ್ಪರ ಲೆಕ್ಕ ಚುಕ್ತಾ ಮಾಡಿಕೊಳ್ಳುವ ಕೂಟ) ಮೂಲಕ ಇರಾನಿಗೆ ಪಾವತಿಸುವುದನ್ನು ನಿಲ್ಲಿಸಿತು. ತಮಾಷೆಯೆಂದರೆ, ಆ ಯೂನಿಯನ್ನಿನ ಮುಖ್ಯ ಕಚೇರಿ ಇರುವುದೇ ಟೆಹ್ರಾನಿನಲ್ಲಿ. ಆಮೇಲೆ ಜರ್ಮನಿಯ ದಾರಿ, ಟರ್ಕಿಯ ದಾರಿ. ಅವೂ ಒಂದೊಂದಾಗಿ ಮುಚ್ಚಿದವು.

2012ರಲ್ಲಿ ಕೋಲ್ಕತ್ತದ ಯೂಕೋ ಬ್ಯಾಂಕ್ ಮುಂದೆ ಬಂತು. ಅಮೆರಿಕದಲ್ಲಿ ಅದಕ್ಕೆ ಶಾಖೆಯಿರಲಿಲ್ಲ, ಕಳೆದುಕೊಳ್ಳುವುದೂ ಕಡಿಮೆ. ತೈಲದ ಬೆಲೆಯಲ್ಲಿ 45% ಅನ್ನು ಸಂಸ್ಕರಣಾಗಾರಗಳು ಅಲ್ಲಿದ್ದ ಇರಾನಿ ಬ್ಯಾಂಕುಗಳ ರೂಪಾಯಿ ಖಾತೆಗೆ ಕಟ್ಟುತ್ತಿದ್ದವು. ಟೆಹ್ರಾನಿನ ಅಕ್ಕಿ ವ್ಯಾಪಾರಿ ತನ್ನ ಬ್ಯಾಂಕಿಗೆ ರಿಯಾಲ್ ಕಟ್ಟಿ ಎಲ್‌ಸಿ, ಅಂದರೆ ದಾಖಲೆ ಸರಿಯಿದ್ದರೆ ಹಣ ಕೊಡುತ್ತೇನೆಂಬ ಬ್ಯಾಂಕಿನ ಭರವಸೆಪತ್ರ, ತೆರೆಸುತ್ತಿದ್ದ. ಹರಿಯಾಣದ ರಫ್ತುದಾರ ಬಾಸ್ಮತಿ ಹಡಗಿಗೇರಿಸಿ ಬಿಲ್ ಆಫ್ ಲೇಡಿಂಗ್ (ಹಡಗಿಗೆ ಸರಕೇರಿಸಿದ ರಸೀದಿ), ಇನ್‌ವಾಯ್ಸ್‌ಗಳನ್ನು ಸಲ್ಲಿಸುತ್ತಿದ್ದ. ಯೂಕೋ ಆ ಖಾತೆಯಿಂದಲೇ ಅವನಿಗೆ ರೂಪಾಯಿ ಕೊಡುತ್ತಿತ್ತು. ಹಣ ಗಡಿ ದಾಟುತ್ತಲೇ ಇರಲಿಲ್ಲ. ಜಾಣ ಏರ್ಪಾಟು, ನಿಜ.

ಆದರೆ ಆ ಖಾತೆ ಎರಡು ನಲ್ಲಿಯ ತೊಟ್ಟಿ. ಒಳಗೆ ಬೀಳುವುದು ತೈಲದ ದುಡ್ಡು, ಹೊರಗೆ ಹೋಗುವುದು ಅಕ್ಕಿ, ಚಹಾ, ಔಷಧಿಗಳ ದುಡ್ಡು. ಒಳನಲ್ಲಿ ದಪ್ಪಗಿದ್ದಷ್ಟು ದಿನ ರೂಪಾಯಿ ತುಂಬಿ ನಿಂತಿತು. ಅದನ್ನು ಇರಾನ್ ಬೇರೆ ದೇಶದಲ್ಲಿ ಖರ್ಚು ಮಾಡುವಂತಿರಲಿಲ್ಲ. ಉಳಿದ 55% ಕಟ್ಟಲು ದಾರಿಯಿಲ್ಲದೆ ಬಾಕಿ ಬೆಳೆಯುತ್ತಾ ಹೋಗಿ, 2016ರ ಜನವರಿಯಲ್ಲಿ ನಿರ್ಬಂಧ ಸಡಿಲವಾಗುವ ಹೊತ್ತಿಗೆ 600 ಕೋಟಿ ಡಾಲರ್ ದಾಟಿತ್ತು. 2018ರಲ್ಲಿ ಅಮೆರಿಕ ಮತ್ತೆ ನಿರ್ಬಂಧ ಹೇರಿತು. 2019ರ ಮೇ ತಿಂಗಳಲ್ಲಿ ಅದು ಭಾರತಕ್ಕೆ ಕೊಟ್ಟಿದ್ದ ತಾತ್ಕಾಲಿಕ ವಿನಾಯಿತಿ ಮುಗಿದು ಭಾರತ ತೈಲ ನಿಲ್ಲಿಸಿದಾಗ ಆದದ್ದು ತಿರುಗುಮುರುಗು: ಒಳನಲ್ಲಿ ಬಂದ್, ತೊಟ್ಟಿ ಇಳಿಯತೊಡಗಿತು. ಅಕ್ಕಿಗೆ ಯಾವ ನಿರ್ಬಂಧವೂ ಇರಲಿಲ್ಲ. ಆಹಾರ, ಔಷಧಿಗೆ ಅಮೆರಿಕದ ಕಾನೂನಿನಲ್ಲೇ ರಿಯಾಯಿತಿಯಿದೆ. ಆದರೂ ಬಾಸ್ಮತಿ ರಫ್ತುದಾರರು ಹಣ ಬರುವುದೋ ಇಲ್ಲವೋ ಎಂದು ಹೊಸ ಆರ್ಡರ್‌ಗೆ ಹಿಂಜರಿದರು.

ವಿಮೆಯ ಪೆಟ್ಟು ಮಂಗಳೂರಿಗೇ ಬಿತ್ತು. 2012ರ ಜುಲೈ 1ರಿಂದ ಐರೋಪ್ಯ ಕಂಪನಿಗಳು ಇರಾನಿ ತೈಲ ಹೊರುವ ಹಡಗುಗಳಿಗೆ ವಿಮೆ ಕೊಡುವಂತಿರಲಿಲ್ಲ. ಮುಂದೆ ಮರುವಿಮೆಯ (ವಿಮಾ ಕಂಪನಿಗಳೇ ಮಾಡಿಸಿಕೊಳ್ಳುವ ವಿಮೆ) ತೊಡಕು ಸಂಸ್ಕರಣಾಗಾರಕ್ಕೂ ಬಂತು: ಇರಾನಿ ತೈಲ ಸಂಸ್ಕರಿಸಿದರೆ ಅವಘಡದ ಪರಿಹಾರ ಸಿಗದೆಂಬ ಸ್ಥಿತಿ. ಇರಾನಿನ ದೊಡ್ಡ ಗಿರಾಕಿಯಾಗಿದ್ದ ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್ 2013ರಲ್ಲಿ ಕೆಲವು ತಿಂಗಳು ಆಮದನ್ನೇ ನಿಲ್ಲಿಸಿತು.

ವ್ಯಾಪಾರವಾದರೂ ಸುತ್ತುದಾರಿ ಹಿಡಿದು ಬದುಕುತ್ತದೆ, ಹೂಡಿಕೆಗೆ ಆ ಅವಕಾಶವಿಲ್ಲ. ಅಕ್ಕಿಯ ಹಡಗಿಗೆ ಬೇಕಾದದ್ದು ಕೆಲವು ತಿಂಗಳ ಭರವಸೆ. ಅನಿಲ ಬಾವಿಗೆ ದಶಕಗಳದ್ದು. ಭಾರತದ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿಯ ವಿದೇಶಿ ಅಂಗವಾದ ಒಎನ್‌ಜಿಸಿ ವಿದೇಶ್ ನೇತೃತ್ವದ ಕೂಟ ಪರ್ಷಿಯನ್ ಕೊಲ್ಲಿಯಲ್ಲಿ ಪತ್ತೆ ಮಾಡಿದ ಫರ್ಜಾದ್-ಬಿ ಅನಿಲ ನಿಕ್ಷೇಪದ ಮಾತುಕತೆ ವರ್ಷಗಟ್ಟಲೆ ಎಳೆದಾಡಿತು. 2021ರಲ್ಲಿ ಇರಾನ್ ಅದನ್ನು ತನ್ನದೇ ಪೆಟ್ರೋಪಾರ್ಸ್ ಕಂಪನಿಗೆ ಕೊಟ್ಟಿತು.