ಗುಣವಾಗದಿದ್ದರೆ ನಂಬಿಕೆ ಸಾಲದೆಂದೇ?

ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಕಾಯಿಲೆಯವರ ಮಂಚದ ಸುತ್ತ ನಿಂತು ಪ್ರಾರ್ಥಿಸುವಾಗ ‘ತುಜಿ ಖುಶಿ’ ಎಂಬ ಮಾತು ಬರುತ್ತದೆ. ಕನ್ನಡ ಬೈಬಲಿನಲ್ಲಿ ಅದೇ ‘ನಿನ್ನ ಚಿತ್ತ’. ಕೊಂಕಣಿಯಲ್ಲಿ ಖುಶಿ ಎಂದರೆ ಇಚ್ಛೆ ಎಂಬ ಅರ್ಥವೂ ಇದೆ, ಸರಿ. ಆದರೂ ನರಳುತ್ತಿರುವವರ ಪಕ್ಕದಲ್ಲಿ ಕೇಳಿದಾಗ ಕನ್ನಡದ ಕಿವಿಗೆ ಅದು ಚುಚ್ಚುತ್ತದೆ. ಇದು ದೇವರ ಖುಷಿಯೇ?

ನಂಬಿದರೆ ಗುಣವಾಗುತ್ತದೆ, ದೇವರ ಚಿತ್ತಕ್ಕೆ ಬಿಡಬೇಕು ಎಂಬ ಎರಡೂ ಬಗೆಯ ಮಾತು ಯೇಸುವಿನ ಕಥೆ ಹೇಳುವ ಸುವಾರ್ತೆಗಳಲ್ಲಿದೆ. ರಕ್ತಸ್ರಾವದ ಹೆಂಗಸಿಗೆ ಯೇಸು, ನಿನ್ನ ನಂಬಿಕೆಯೇ ನಿನ್ನನ್ನು ಗುಣಪಡಿಸಿತು ಎನ್ನುತ್ತಾನೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಮಾತ್ರ ತನ್ನ ಚಿತ್ತವಲ್ಲ, ತಂದೆಯ ಚಿತ್ತವೇ ನಡೆಯಲಿ ಎಂದು ತಾನೇ ತಲೆಬಾಗುತ್ತಾನೆ. ‘ದೇಹದಲ್ಲಿ ನಾಟಿದ ಮುಳ್ಳು’ ಎಂದು ತಾನೇ ಕರೆದ ಬಾಧೆ ತೊಲಗಲೆಂದು ಆದಿ ಕ್ರೈಸ್ತ ಬೋಧಕ ಪೌಲ ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ಕೃಪೆ ಸಾಕು ಎಂಬ ಉತ್ತರ ಬಂತು. ಪೌಲನಿಗೆ ನಂಬಿಕೆ ಕಡಿಮೆಯಿತ್ತು ಎನ್ನುವ ಧೈರ್ಯ ಯಾರಿಗಿದೆ?

ರೋಗಿಗೆ ಸಭೆಯ ಹಿರಿಯರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂದು ಬೈಬಲಿನ ಯಾಕೋಬನ ಪತ್ರ ಹೇಳಿತ್ತು. ಗುಣವಾಗಲೆಂದು ಹಚ್ಚುತ್ತಿದ್ದ ಆ ಎಣ್ಣೆ ಮಧ್ಯಯುಗದ ಹೊತ್ತಿಗೆ ಸಾಯುವವರ ಎಣ್ಣೆಯಾಯಿತು. ಕ್ಯಾಥೊಲಿಕ್ ಧರ್ಮಸಭೆಯನ್ನು ಹೊಸಗಾಲಕ್ಕೆ ಹೊಂದಿಸಿದ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ, 1972ರಲ್ಲಿ, ಆರನೆಯ ಪೌಲ್ ಪೋಪ್ ಆ ವಿಧಿಯನ್ನು ಮತ್ತೆ ರೋಗಿಗಳ ಪಾಲಿಗೆ ತಂದರು. ಆದರೆ ಪಾದ್ರಿ ತೈಲ ಹಿಡಿದು ಬಂದರೆ ಮನೆಯವರ ಮುಖ ಈಗಲೂ ಬಾಡುತ್ತದೆ. ವಿಧಿ ಬದಲಾದಷ್ಟು ಬೇಗ ಭಯ ಬದಲಾಗುವುದಿಲ್ಲ.

ಪ್ರೊಟೆಸ್ಟೆಂಟರ ಕಥೆ ಬೇರೆ. ಗುಣಪಡಿಸುವ ವರ ಅಪೊಸ್ತಲರ, ಅಂದರೆ ಯೇಸುವಿನ ಮೊದಲ ಪ್ರೇಷಿತರ, ಕಾಲಕ್ಕೇ ಮುಗಿಯಿತು ಎಂದಿದ್ದ ಹದಿನಾರನೆಯ ಶತಮಾನದ ಸುಧಾರಕ ಕ್ಯಾಲ್ವಿನ್. ಆ ನಿಲುವು ಜರ್ಮನಿಯಲ್ಲಿ ಅಲುಗಿದ್ದು ಯೊಹಾನ್ ಕ್ರಿಸ್ತೋಫ್ ಬ್ಲುಮ್‌ಹಾರ್ಟ್ ಎಂಬ ಪಾದ್ರಿಯಿಂದ. ಮ್ಯೋಟ್ಲಿಂಗೆನ್ ಎಂಬ ಹಳ್ಳಿಯಲ್ಲಿ ನರಳುತ್ತಿದ್ದ ಹೆಂಗಸೊಬ್ಬಳಿಗಾಗಿ ಆತ ಹೆಚ್ಚುಕಡಿಮೆ ಎರಡು ವರ್ಷ ಪ್ರಾರ್ಥಿಸಿದ. 1843ರ ಕೊನೆಯಲ್ಲಿ ಅವಳು ಚೇತರಿಸಿಕೊಂಡಳು. ಮಂಗಳೂರಿನವರಿಗೆ ಇಲ್ಲೊಂದು ನಂಟಿದೆ: ಅದಕ್ಕೂ ಮೊದಲು ಆತ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಶನ್ನಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದ. ಮಿಶನರಿ ಹೆಬಿಕ್ ಮತ್ತು ಸಂಗಡಿಗರು 1834ರಲ್ಲಿ ನಮ್ಮ ಕಡಲತೀರಕ್ಕೆ ಬಂದದ್ದು ಅದೇ ಮಿಶನ್ನಿನಿಂದ.

ಆದರೆ ಈ ಕರಾವಳಿಯಲ್ಲಿ ಬೇರೂರಿದ್ದು ಆಸ್ಪತ್ರೆ. ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧ ಕೊಡಲು ತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ, 1902ರಲ್ಲಿ ಪ್ಲೇಗ್ ಪೀಡಿತರಿಗೆ ಆಸ್ಪತ್ರೆ ಎದ್ದಿತು. ಉಡುಪಿಯಲ್ಲಿ ಬಾಸೆಲ್ ಮಿಶನ್ನಿನ ವೈದ್ಯೆ ಈವಾ ಲೊಂಬಾರ್ಡ್ 1923ರಲ್ಲಿ ಆಸ್ಪತ್ರೆ ತೆರೆದರು. ಮಾತ್ರೆ ನುಂಗಿದರೆ ನಂಬಿಕೆಗೆ ಕುಂದು ಎಂಬ ವಾದ ಇವರ್‍ಯಾರದೂ ಅಲ್ಲ.

ಆ ವಾದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಕೆಲವು ಬೋಧಕರ ನಡುವೆ ಬಲಿಯಿತು. ಕ್ರೈಸ್ತರು ಯೇಸುವಿನ ಗಾಯಗಳಿಗೆ ಅನ್ವಯಿಸುವ, ‘ಬಾಸುಂಡೆಗಳಿಂದ ಗುಣವಾಯಿತು’ ಎಂಬ ಪ್ರವಾದಿ ಯೆಶಾಯನ ಮಾತನ್ನು ಹಿಡಿದು, ಪಾಪದ ಕ್ಷಮೆಯಂತೆ ರೋಗದ ವಾಸಿಯೂ ಶಿಲುಬೆಯಲ್ಲೇ ದೊರೆತಿದೆ ಎಂದರು. 1906ರ ಲಾಸ್ ಏಂಜಲೀಸಿನ ಅಜುಸಾ ಬೀದಿಯ ಸಭೆಗಳಿಂದ, ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಪೆಂತೆಕೋಸ್ತ್ ಪಂಗಡಗಳು ಅದನ್ನು ಜಗತ್ತಿಗೆ ಹರಡಿದವು. 1967ರಿಂದ ಕ್ಯಾಥೊಲಿಕರಲ್ಲೂ ಅದೇ ಬಗೆಯ, ಕ್ಯಾರಿಸ್ಮ್ಯಾಟಿಕ್ ಎನ್ನುವ ಪ್ರಾರ್ಥನಾ ಕೂಟಗಳು ಬೆಳೆದವು. ಉನ್ಮಾದ, ನಾಟಕೀಯತೆ ಬೇಡವೆಂದು ವ್ಯಾಟಿಕನ್ 2000ದಲ್ಲಿ ಸೂಚನೆ ಹೊರಡಿಸಬೇಕಾಯಿತು.

ನನಗೆ ಕಸಿವಿಸಿ ಮೂಡಿಸುವುದು ಈ ವಾದದ ಲೆಕ್ಕಾಚಾರ. ಗುಣವಾದರೆ ಕೀರ್ತಿ ಬೋಧಕನಿಗೂ ದೇವರಿಗೂ; ಆಗದಿದ್ದರೆ ಸಾಲವೆಲ್ಲ ರೋಗಿಯ ಖಾತೆಗೆ. ಜ್ವರದ ಮೇಲೆ ಅಪರಾಧಿ ಭಾವವೂ ಏರುತ್ತದೆ. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸ್ ಚರ್ಚಿನಲ್ಲಿ ಜನವರಿಯ ಜಾತ್ರೆಗೆ ಮೇಣದ ಬತ್ತಿ ಹಿಡಿದು ಬರುವ ಎಲ್ಲ ಮತದವರನ್ನು ನೋಡಿ: ಹರಕೆ ಹೊರುತ್ತಾರೆ, ಮರುದಿನ ಡಾಕ್ಟರ ಚೀಟಿ ಹಿಡಿದು ಔಷಧದ ಅಂಗಡಿಗೂ ಹೋಗುತ್ತಾರೆ.